ಉಚಿತ ಎನ್ನುವ ಮಾತು

ಬ್ರೆಡ್ಡಿನ ಅಂಚನ್ನು ಮೊದಲು ತೆಗೆಯಬೇಕು. ಆಮೇಲೆ ಬಿಳಿಯ ಭಾಗವನ್ನು ಹೆಬ್ಬೆರಳಿನ ಉಗುರಿನಷ್ಟು ಚೌಕಗಳಾಗಿ ಕತ್ತರಿಸಬೇಕು. ಚಾಕು ಒದ್ದೆಯಿದ್ದರೆ ತುಂಡು ಮುದ್ದೆಯಾಗುತ್ತದೆ. ಅಂಚುಗಳು ಸ್ಟೀಲಿನ ಡಬ್ಬಿಗೆ ಹೋಗುತ್ತಿದ್ದವು. ಅವ್ವ ಅವಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಡುತ್ತಿದ್ದಳು. ಈ ಕೆಲಸ ಮೊದಲು ಅಕ್ಕನದಾಗಿತ್ತು. ಅವಳು ಮನೆ ಬಿಟ್ಟ ಮೇಲೆ ನನ್ನ ಪಾಲಿಗೆ ಬಂತು.

ನಾಸಿಕ್‌ನ ನಮ್ಮ ಮನೆಯ ಹೊರಕೋಣೆಯಲ್ಲಿ ತಿಂಗಳಿಗೊಮ್ಮೆ, ರವಿವಾರ ಮಧ್ಯಾಹ್ನ, ಕನ್ನಡ ಆರಾಧನೆ ನಡೆಯುತ್ತಿತ್ತು. ಬೀದರ್ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ಉಳಿದ ಕೆಲವು ಕ್ರೈಸ್ತ ಕುಟುಂಬಗಳು ಸೇರುತ್ತಿದ್ದವು. ಪಾಸ್ಟರ್ ಸೊಲ್ಲಾಪುರದಿಂದ ಬಂದಾಗ ಕರ್ತನ ಭೋಜನವೂ ಇರುತ್ತಿತ್ತು: ಯೇಸುವಿನ ನೆನಪಿಗೆ ಆ ಬ್ರೆಡ್ಡಿನ ತುಂಡು, ಒಬ್ಬೊಬ್ಬರಿಗೆ ಒಂದೊಂದು. ರೊಟ್ಟಿಯ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಿದ್ದವರು ಅಪ್ಪ. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಅವರದು ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ. ಸರಿಯಿದ್ದರೆ ಸರಿ, ಇಲ್ಲದಿದ್ದರೆ ವಾಪಸ್. ನಡುವೆ ಏನೂ ಇರಲಿಲ್ಲ.

ಸಭೆಯಲ್ಲೂ ಅವರೇ ಒಂದು ನಿಯಮ ತಂದಿದ್ದರು. ಕುಡಿದು ಬೀದಿಗೆ ಬಂದವರು, ಸಭೆಯ ಹೊರಗೆ ಮದುವೆಯಾದವರು, ಎಲ್ಲರ ಮುಂದೆ ಎದ್ದು ನಿಂತು ತಪ್ಪಾಯಿತು ಎನ್ನಬೇಕು. ಅಲ್ಲಿಯವರೆಗೆ ತಟ್ಟೆ ಅವರ ಮುಂದೆ ನಿಲ್ಲುವುದಿಲ್ಲ. ಎರಡು ಓಣಿ ಆಚೆ ಇದ್ದ, ನಾವು ಮರಾಠಿ ರೂಢಿಯಂತೆ ಮೌಶಿ, ಚಿಕ್ಕಮ್ಮ, ಎನ್ನುತ್ತಿದ್ದ ಹೆಂಗಸಿನ ಮಗನನ್ನು ಹೀಗೆ ನಿಲ್ಲಿಸಿದ್ದು ನನಗೆ ನೆನಪಿದೆ. ಅವನು ಎದ್ದ, ಬಾಯಿ ತೆರೆದ, ಮಾತು ಹೊರಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದವನು ಮತ್ತೆ ಬರಲಿಲ್ಲ. ಮೌಶಿ ಮಾತ್ರ ತಪ್ಪದೆ ಬಂದು ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದರು.

ಅಕ್ಕ ಔರಂಗಾಬಾದ್‌ನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯ ಒಬ್ಬ ಮರಾಠಿಯವರನ್ನು ರಿಜಿಸ್ಟರ್ ಮದುವೆಯಾದಳು. ಅವರು ಕ್ರೈಸ್ತರಲ್ಲ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಆ ಊರಿಗೇ ನಾನು ಎಂ.ಎಸ್ಸಿ. ಓದಲು ಹೋದೆ. ಹಾಸ್ಟೆಲಿನಿಂದ ರಜೆಯ ದಿನ ಅಕ್ಕನ ಮನೆಗೆ ಹೋಗುವುದು ಅಪ್ಪನಿಗೆ ತಿಳಿದಿತ್ತು, ತಡೆದಿರಲಿಲ್ಲ. ಆ ವರ್ಷ ಈಸ್ಟರ್ ಹತ್ತಿರವಾದಾಗ ಅಕ್ಕ, ಈ ಸಲ ಆರಾಧನೆಗೆ ಬರುತ್ತೇನೆ, ನನಗೆ ಆ ತಟ್ಟೆ ಬೇಕು, ಎಂದಳು. ಅಪ್ಪ ನನ್ನ ಕೈಯಲ್ಲೇ ಉತ್ತರ ಕಳಿಸಿದರು: ಎದ್ದು ನಿಂತು ಎರಡು ಮಾತು ಹೇಳಿದರೆ ಸಾಕು.

ಅಕ್ಕ ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ‘ತಪ್ಪಾಯ್ತು ಅಂದ್ರ ಇವ್ರು ತಪ್ಪು ಅಂದಂಗ ಆಗ್ತದ,’ ಎಂದಳು. ‘ಅಲ್ಲಿ ಕುಕ್ಕರ್ ಮುಂದ ನಿಂತಾರ ನೋಡು. ಅವರ ಮುಖ ನೋಡಿ ನೀನೇ ಹೇಳು, ನಾ ಏನಂತ ನಿಂದರ್ಲಿ?’

ಅಷ್ಟರಲ್ಲಿ ಅಪ್ಪ ನನಗೆ ಫೋನ್ ಮಾಡಿದರು. ಕೊನೆಗೆ ಪ್ರಾರ್ಥನೆ ಮಾಡದೆ ಅವರು ಫೋನ್ ಇಡುವವರಲ್ಲ; ಸ್ಪೀಕರ್ ಹಾಕಲು ಹೇಳಿದರು. ಅಕ್ಕನೂ ಕೇಳಲಿ ಎಂದೇ ಇರಬೇಕು. ‘ನಿನ್ನ ಉಚಿತವಾದ ಕೃಪೆಯಿಂದ ನಮ್ಮನ್ನು ಸೇರಿಸಿಕೋ’ ಎಂಬುದು ಅವರ ಪ್ರತಿ ಪ್ರಾರ್ಥನೆಯ ಕೊನೆಯ ಸಾಲು.

ಫೋನ್ ಇಟ್ಟ ಮೇಲೆ ಭಾವ ಕೈ ಒರೆಸಿಕೊಳ್ಳುತ್ತ ಬಂದರು. ತನಗೆ ಅರ್ಥವಾಗಿದ್ದು ಎರಡೇ ಶಬ್ದ, ಉಚಿತ ಮತ್ತು ಕೃಪೆ, ಎಂದು ಮರಾಠಿಯಲ್ಲಿ ಹೇಳಿದರು. ಮರಾಠಿಯಲ್ಲಿ ಉಚಿತ ಎಂದರೆ ಯೋಗ್ಯವಾದದ್ದು, ತಕ್ಕದ್ದು. ಅಂದರೆ ಕೃಪೆ ತಕ್ಕವರಿಗೆ ಮಾತ್ರ ತಾನೇ, ಎಂದು ಕೇಳಿದರು. ಕುಹಕವಿರಲಿಲ್ಲ. ‘ಹಾಗಾದರೆ ನಿಮ್ಮಪ್ಪ ಮಾಡುತ್ತಿರುವುದು ಸರಿಯೇ ಇದೆ,’ ಎಂದರು.

ಅಕ್ಕ ಸೊಪ್ಪು ಕೈಬಿಟ್ಟು ನಕ್ಕಳು. ಕನ್ನಡದ ಬಳಕೆಯಲ್ಲಿ ಹಾಗಲ್ಲ, ಉಚಿತ ಅಂದರೆ ಫುಕಟ್, ಬಿಟ್ಟಿ ಎಂದು ತಿಳಿಸಿದಳು. ನನಗೆ ನಗು ಬರಲಿಲ್ಲ.

ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ನನಗೆ ಕಿವಿಯಿಂದ ಬಂದದ್ದು, ಅಕ್ಷರಗಳು ಬಹಳ ತಡವಾಗಿ ಬಂದವು. ಬೀದರಿನ ಬಸ್ ನಿಲ್ದಾಣದ ಹತ್ತಿರ ‘ಉಚಿತ ಕಣ್ಣು ತಪಾಸಣೆ’ ಎಂಬ ಫಲಕ ಓದಿ, ದುಡ್ಡು ಕೊಡಬೇಕಿಲ್ಲ ಎಂದು ತಿಳಿದುಕೊಂಡಿದ್ದೆ. ಆದರೆ ಆ ಶಬ್ದವನ್ನೂ ಅಪ್ಪನ ಪ್ರಾರ್ಥನೆಯ ಶಬ್ದವನ್ನೂ ಒಂದು ಮಾಡಿರಲಿಲ್ಲ. ಪ್ರಾರ್ಥನೆಯ ಉಚಿತ ಮರಾಠಿಯದಾಗಿಯೇ ಉಳಿದಿತ್ತು. ಕೃಪೆ ತಕ್ಕವರಿಗೆ ಸಿಗುತ್ತದೆ. ಅದಕ್ಕಾಗಿ ಫ್ರಾಕು ಮೊಣಕಾಲಿನ ಕೆಳಗಿರಬೇಕು, ಕೀರ್ತನೆ ಬಾಯಿಪಾಠ ಬರಬೇಕು, ಪ್ರಾರ್ಥನೆಯಲ್ಲಿ ಕಣ್ಣು ನಿಜವಾಗಿ ಮುಚ್ಚಿರಬೇಕು. ಮುಚ್ಚಿದ ಕಣ್ಣಿನೊಳಗೆ ನಾನು ಸದಾ ಪರೀಕ್ಷೆಗೆ ಕೂತಿದ್ದೆ.

ನಾಸಿಕ್‌ಗೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಇದನ್ನೇ ಹೊರಳಿಸುತ್ತಿದ್ದೆ. ಯೇವಲಾದಲ್ಲಿ ಬಸ್ಸು ನಿಂತಾಗ ಇಳಿದೆ, ಚಹಾ ತಗೊಂಡೆ, ಕುಡಿಯದೆ ಹತ್ತಿದೆ. ಇಷ್ಟು ವರ್ಷದ ತಪ್ಪು ತಿಳಿವಳಿಕೆ ಹೋದರೆ ಹಗುರವಾಗಬೇಕಿತ್ತು. ಆಗಲಿಲ್ಲ. ನನ್ನ ನಡತೆ ಲೆಕ್ಕಕ್ಕೇ ಬಾರದಿದ್ದರೆ, ಅಷ್ಟೆಲ್ಲ ನೆಟ್ಟಗೆ ಕೂತದ್ದು ಯಾಕೆ?

ಶನಿವಾರ ಸಂಜೆ ಬ್ರೆಡ್ಡು ಕತ್ತರಿಸುತ್ತ ಅಪ್ಪನಿಗೆ ಹೇಳಿದೆ. ಅಕ್ಕ ಬರುತ್ತಾಳೆ, ನಿಂತು ಏನೂ ಹೇಳುವುದಿಲ್ಲ ಎಂದು ಮೊದಲು. ಆಮೇಲೆ ಶಬ್ದದ ವಿಷಯ. ಅಪ್ಪ ಕನ್ನಡಕ ತೆಗೆದರು.

‘ಇಷ್ಟು ವರ್ಷ ನೀ ಹಂಗ ತಿಳ್ಕೊಂಡಿದ್ದೆ ಏನು?’

‘ಹೌದ್ರಿ ಅಪ್ಪಾ.’

ಅಡುಗೆಮನೆಯಿಂದ ಅವ್ವ, ‘ಅದರಾಗ ಹುಡುಗಿದೇನು ತಪ್ಪು? ನಾವು ನಡ್ಕೊಂಡಿದ್ದು ನೋಡಿ ತಿಳ್ಕೊಂಡಾಳ,’ ಎಂದಳು.

ಅಪ್ಪ ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನಗೆ ಹೇಳಿದರು: ‘ಆ ಮೌಶಿ ಮಗನ್ನ ನಿಂದ್ರಿಸಿದಾಂವ ನಾನು. ಈಗ ನನ್ನ ಮಗಳಿಗಷ್ಟೇ ಪುಕಟ ಅಂದ್ರ ಹ್ಯಾಂಗ?’

ನಾನು ಚಾಕು ಒರೆಸಿದೆ. ಅವರ ಪ್ರಶ್ನೆ ನನ್ನ ಪ್ರಶ್ನೆಗಿಂತ ದೊಡ್ಡದಾಗಿತ್ತು.

ಮರುದಿನ ಅಕ್ಕ ಬಂದು ನನ್ನ ಪಕ್ಕದಲ್ಲಿ ಕೂತಳು. ಭಾವ ರಸ್ತೆಯಾಚೆಯ ಚಹಾದಂಗಡಿಯಲ್ಲಿ ಉಳಿದರು. ಅಪ್ಪ ಪ್ರಾರ್ಥನೆಗೆ ನಿಂತರು. ಕೊನೆಯ ಸಾಲಿಗೆ ಬಂದು ತಡವರಿಸಿದರು. ಆಮೇಲೆ ‘ನಿನ್ನ ಪುಕಟ ಕೃಪೆಯಿಂದ’ ಎಂದರು. ಯಾರೂ ನಗಲಿಲ್ಲ, ಪಾಸ್ಟರ್ ಒಮ್ಮೆ ಕಣ್ಣು ತೆರೆದರು.

ತಟ್ಟೆ ನಮ್ಮ ಸಾಲಿಗೆ ಬಂತು. ಅಕ್ಕನ ಮುಂದೆ ಬಂದು ನಿಂತಿತು. ಅಂಚು ಹಿಡಿದ ಅಪ್ಪನ ಹೆಬ್ಬೆರಳು ಬೆಳ್ಳಗಾಗಿತ್ತು. ಅವರು ಅಕ್ಕನ ಮುಖ ನೋಡಲಿಲ್ಲ, ಮುಂದೆಯೂ ಹೋಗಲಿಲ್ಲ. ತಟ್ಟೆಯನ್ನು ಸ್ವಲ್ಪ ಕೆಳಗೆ ಇಳಿಸಿದರು. ಅಕ್ಕ ಒಂದು ತುಂಡು ತೆಗೆದುಕೊಂಡಳು.

ನಾನು ಆಗ ಹಿಂದಕ್ಕೆ ತಿರುಗಬಾರದಿತ್ತು. ಮೌಶಿ ಅಕ್ಕನನ್ನು ನೋಡುತ್ತಿರಲಿಲ್ಲ. ತಮ್ಮ ಪಕ್ಕದ ಖಾಲಿ ಜಾಗದ ಮೇಲೆ ಬಿದ್ದ ಸೆರಗನ್ನು ಸರಿಪಡಿಸುತ್ತಿದ್ದರು. ತಟ್ಟೆ ಬಾಗಿಲವರೆಗೆ ಹೋದಾಗ ತಮ್ಮ ತುಂಡು ತೆಗೆದುಕೊಂಡರು, ಆರಾಧನೆ ಮುಗಿದ ಮೇಲೆ ಚಹಾಕ್ಕೆ ನಿಲ್ಲದೆ ಹೋದರು.

ಆ ಸಂಜೆ ಮನೆಯಲ್ಲಿ ಹಬ್ಬವಿತ್ತು. ಅವ್ವ ಭಾವನನ್ನು ಒಳಗೆ ಕರೆಸಿ, ಬೇಡವೆಂದರೂ ಮತ್ತೆ ಮತ್ತೆ ಬಡಿಸಿದಳು. ಅಕ್ಕ ತನ್ನ ಹಳೆಯ ಜಾಗದಲ್ಲಿ ಗೋಡೆಗೊರಗಿ ಕೂತಿದ್ದಳು. ಅಪ್ಪ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಮರುದಿನ ಬೆಳಿಗ್ಗೆ ಅವ್ವ ಅಂಚುಗಳಿಗೆ ಒಗ್ಗರಣೆ ಕೊಟ್ಟಳು. ನಾನು ಬಿಸಿಯಿದ್ದಾಗಲೇ ಒಂದು ಡಬ್ಬಿಗೆ ತುಂಬಿಕೊಂಡು ಎರಡು ಓಣಿ ದಾಟಿ ಮೌಶಿಯ ಮನೆಗೆ ಹೋದೆ. ಮುಂದಿನ ತಿಂಗಳು ನಿಮ್ಮ ಮಗನೂ ಬರಲಿ ಎನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸುತ್ತಿದ್ದೆ. ಬಾಗಿಲು ತೆರೆದ ಮೌಶಿ ಡಬ್ಬಿ ನೋಡಿದರು, ನನ್ನನ್ನು ನೋಡಿದರು.

‘ನಿಮ್ಮಪ್ಪ ಕಳಿಸ್ಯಾರೇನು?’

‘ಇಲ್ರಿ ಮೌಶಿ. ನಾನೇ ಬಂದೀನಿ.’

ಒಳಗೆ ಅವರ ಮಗ ಕೆಲಸಕ್ಕೆ ಹೊರಡಲು ಬೂಟಿನ ಲೇಸು ಕಟ್ಟುತ್ತಿದ್ದ, ತಲೆ ಎತ್ತಿದ. ಜೋಡಿಸಿಟ್ಟ ವಾಕ್ಯ ನನ್ನ ಬಾಯಿಗೆ ಬರಲಿಲ್ಲ.

‘ಹೊರಗ್ಯಾಕ ನಿಂತಿ,’ ಎಂದರು ಮೌಶಿ. ‘ಚಪ್ಪಲಿ ಒಳಗ ಬಿಡು. ಅಲ್ಲಿ ಬಿಟ್ರ ನಾಯಿ ಒಯ್ತದ.’

ನಾನು ಚಪ್ಪಲಿಯನ್ನು ಒಳಗೆ, ಅವನ ಇನ್ನೊಂದು ಬೂಟಿನ ಪಕ್ಕದಲ್ಲಿ ಬಿಟ್ಟೆ.