ವನಿತಾಳ ಎಡೆ

ಮಾತು ಬಲ್ಲವ ಮಾಣಿಕ್ಯ ತಂದ ಎನ್ನುತ್ತಾರೆ. ಯಲಹಂಕದ ಅನಂತರಾಜು ವಕೀಲರು ತಂದದ್ದು ಆರೋಪಿಗಳನ್ನು, ಜೈಲಿನಿಂದ ಹೊರಕ್ಕೆ. ತಂದೆ ದ್ರಾಕ್ಷಿ ಬೆಳೆದವರು. ಇವರು ಕ್ರಿಮಿನಲ್ ಕೇಸು ಹಿಡಿದರು. ಆರ್.ಟಿ. ನಗರದ ಆಫೀಸಿನಲ್ಲಿ ನಾನು, ಹರ್ಷಿತಾ, ಅವರ ಜೂನಿಯರ್. ಸಂಜೆಯಾದರೆ ಸರ್ ಪೌಡರ್ ಹಚ್ಚಿಕೊಂಡು ಸುದ್ದಿ ಚಾನೆಲ್‌ಗೆ ಹೊರಡುತ್ತಿದ್ದರು. ಊರಿನ ಪ್ರತಿ ಕೊಲೆಯ ಬಗ್ಗೆಯೂ ಅವರಿಗೊಂದು ಅಭಿಪ್ರಾಯ ಇರುತ್ತಿತ್ತು. ಕೋರ್ಟಿನವರು ಹಿಂದಿನಿಂದ ‘ಟಿವಿ ಲಾಯರ್’ ಎಂದು ಆಡಿಕೊಳ್ಳುತ್ತಿದ್ದರು. ಎದುರಿಗೆ ಕರೆದಿದ್ದರೂ ಅವರಿಗೆ ಖುಷಿಯೇ.

ಅವರಿಗೆ ಹೆಸರು ಬಂದದ್ದು ಮಾಕಳಿಯ ವನಿತಾ ಕೇಸಿನಿಂದ. ಆಕೆಯನ್ನು ಕೊಂದನೆಂದು ಗಂಡ ಬಾಲರಾಜುವನ್ನು ಪೊಲೀಸರು ಹಿಡಿದಿದ್ದರು, ಹೆಣ ಮಾತ್ರ ಸಿಕ್ಕಿರಲಿಲ್ಲ. “ಆಕೆ ಬದುಕಿದ್ದಾಳೆ ಮಹಾಸ್ವಾಮಿ, ಈ ಹೊತ್ತಿನಲ್ಲಿ ಎಲ್ಲೋ ಕೂತು ಊಟ ಮಾಡುತ್ತಿದ್ದಾಳೆ,” ಎಂದು ಸರ್ ವಾದಿಸಿದರು. ಬಾಲರಾಜು ಬಿಡುಗಡೆಯಾದ. ಅಂದು ಕಾರು ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಅವನು ನಕ್ಕ. “ಅವ್ಳೆಲ್ಲಿ ಊಟ ಮಾಡ್ತಾಳೆ ಸರ್, ನಾನೇ ಮಣ್ಣು ಹಾಕಿದೀನಲ್ಲ,” ಎಂದ. ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳಿಸಿತು. ಸರ್ ಗಾಜು ಇಳಿಸಿದರು, ಅಷ್ಟೆ. ಕಕ್ಷಿದಾರ ಹೇಳಿದ್ದನ್ನು ವಕೀಲ ಹೊರಗೆ ಬಿಡುವಂತಿಲ್ಲ.

ಸರ್ ಕೋರ್ಟಿನಲ್ಲಿ ಆಡಿದ ಮಾತನ್ನು ಮನಸಾರೆ ನಂಬಿದವರು ಒಬ್ಬರೇ, ವನಿತಾಳ ತಾಯಿ ಮುನಿಕೆಂಪಮ್ಮ. ಓದಿದ ಮನುಷ್ಯ ಜಡ್ಜ್ ಎದುರು ಸುಳ್ಳು ಹೇಳುತ್ತಾನೆಯೇ? ಮಹಾಲಯ ಅಮಾವಾಸ್ಯೆಗೆ ಮನೆಯಲ್ಲಿ ಸತ್ತವರಿಗೆಲ್ಲ ಎಲೆ ಹಾಸಿ ಎಡೆ ಇಟ್ಟರು, ಮಗಳಿಗೆ ಇಡಲಿಲ್ಲ. ಮುಂದಿನ ವರ್ಷ ಹಬ್ಬ ಹತ್ತಿರವಾದಾಗ ನಮ್ಮ ಆಫೀಸಿಗೆ ಬಂದರು.

“ಮನೆ ಇಂದ್ಗಡೆ ನಿಂತ್ಕಂಡು ಅನ್ನ ಕೇಳ್ತಾಳೆ ಸ್ವಾಮಿ. ಒಳೀಕೆ ಬಾ ಅಂದ್ರೆ ಬರಕಿಲ್ಲ. ಬದ್ಕಿರೋಳು ಯಾಕೆ ಇಂಗೆ ಮಾಡ್ತಾಳೆ? ಎಡೆ ಇಡ್ಲಾ, ಬ್ಯಾಡ್ವಾ? ಒಂದ್ ಮಾತು ಏಳಿ.”

ಸರ್ ನೆಲ ನೋಡಿದರು. “ಕೋರ್ಟ್ ತೀರ್ಪು ಇದೆಯಲ್ಲಮ್ಮ. ಅದೇ ನನ್ನ ಮಾತು.”

“ಅಂಗಾರೆ ಬದ್ಕವ್ಳೆ. ನಿಮ್ಮತ್ರಾನೇ ಕಳಿಸ್ತೀನಿ. ನೀವೇ ಅನ್ನ ಇಕ್ಕಿ.”

ಸಿಟ್ಟಿನ ಮಾತಲ್ಲ ಅದು. ನೆಂಟರ ಮನೆಗೆ ಮಗಳನ್ನು ಕಳಿಸುವವರ ಹಾಗೆ ಹೇಳಿ ಹೋದರು.

ಅಲ್ಲಿಂದ ಸರ್ ಟಿವಿಯಲ್ಲಿ ತಡವರಿಸತೊಡಗಿದರು. ಪ್ರೊಡ್ಯೂಸರ್ ಸೂಚನೆ ಕೇಳಿಸಲೆಂದು ಸ್ಟುಡಿಯೋದಲ್ಲಿ ಕಿವಿಗೆ ಸಣ್ಣ ಸ್ಪೀಕರ್ ಸಿಕ್ಕಿಸುತ್ತಾರೆ. ಅದರಲ್ಲಿ ಹೆಂಗಸಿನ ದನಿ ಬರುತ್ತದೆ ಎಂದರು.

“ಏನ್ ಹೇಳತ್ತೆ ಸರ್?”

“ಅನ್ನ ಇಕ್ಕಿ ಅನ್ನತ್ತೆ ಕಣಮ್ಮ.”

ಸ್ಪೀಕರ್ ಬದಲಾಯಿಸಿದರು, ಚಾನೆಲ್ ಬದಲಾಯಿಸಿದರು, ದನಿ ಬಿಡಲಿಲ್ಲ. ಅಷ್ಟು ಜನರನ್ನು ನಂಬಿಸಿದ್ದ ಮನುಷ್ಯ ಬಿಳಿಚಿಕೊಂಡದ್ದನ್ನು ಕಂಡು ನನಗೇನೂ ಮರುಕ ಬರಲಿಲ್ಲ. ಅನುಭವಿಸಲಿ ಎಂದುಕೊಂಡೆ. ಒಂದು ದಿನ ಸರ್ ಜೊತೆ ಸ್ಟುಡಿಯೋಗೆ ಹೋದಾಗ ಕುತೂಹಲಕ್ಕೆ ಆ ಸ್ಪೀಕರನ್ನು ನಾನೇ ಕಿವಿಗಿಟ್ಟುಕೊಂಡೆ. ಮಾತೇನೂ ಇರಲಿಲ್ಲ. ಯಾರೋ ತೀರಾ ಹತ್ತಿರದಲ್ಲಿ ಉಸಿರಾಡುತ್ತಿದ್ದರು. ಆಮೇಲೆ ನಾನು ಆ ಸ್ಟುಡಿಯೋಗೆ ಹೋಗಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ನೇರಪ್ರಸಾರ. ಚರ್ಚೆ ಯಾವುದೋ ಕಾಣೆಯಾದ ಹೆಂಗಸಿನದು. ನಾನು ಆಫೀಸಿನಲ್ಲೇ ನೋಡುತ್ತಿದ್ದೆ. “ಹೆಣ ಸಿಗದಿದ್ರೆ ಬದುಕಿದ್ದಾರೆ ಅಂತಾನೇ ಅಲ್ವಾ ಸರ್?” ಎಂದಳು ನಿರೂಪಕಿ. ಸರ್ ಕಿವಿಯಿಂದ ಸ್ಪೀಕರ್ ಕಿತ್ತು ಮೇಜಿನ ಮೇಲಿಟ್ಟು ಕ್ಯಾಮೆರಾ ನೋಡಿದರು.

“ಮುನಿಕೆಂಪಮ್ಮ, ವನಿತಾಗೆ ಎಡೆ ಇಡಿ,” ಎಂದರು.

ಕಕ್ಷಿದಾರನ ಗುಟ್ಟು ಬಿಟ್ಟುಕೊಟ್ಟ ವಕೀಲನ ಕರಿಕೋಟು ಉಳಿಯುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ನಾನು ಮಾಕಳಿಗೆ, ಮುನಿಕೆಂಪಮ್ಮನವರ ಮನೆಗೆ ಓಡಿದೆ. ಅಲ್ಲಿ ಟಿವಿ ಆ ಮಾತನ್ನೇ ಮತ್ತೆ ಮತ್ತೆ ತೋರಿಸುತ್ತಿತ್ತು. ಮುನಿಕೆಂಪಮ್ಮ ಹಿರಿಯರ ಎಲೆಗಳ ಪಕ್ಕ ಇನ್ನೊಂದು ಎಲೆ ಹಾಸಿ ಅನ್ನ ಬಡಿಸಿದರು. ಹಿಂಬಾಗಿಲು ತೆಗೆದು ಬಹಳ ಹೊತ್ತು ನೋಡಿದರು. ಹೊರಗೆ ಯಾರೂ ಇರಲಿಲ್ಲ. ಆಗ ನನ್ನ ಕೈ ಹಿಡಿದುಕೊಂಡರು.

“ಇವತ್ತಿನ್ ಗಂಟ ಬದ್ಕಿದ್ಲು ಕಣವ್ವ,” ಎಂದರು. “ಈಗ ಸತ್ಲು.”