ಗಿರಿಜಾಳನ್ನು ಮೇಲಕ್ಕೆ ಕರೆದವರು

ಆ ದಿನ ಬೆಳಿಗ್ಗೆ ಆರಕ್ಕೆ ಎದ್ದು, ಒಲೆಯ ಮೇಲೆ ಹಾಲಿಟ್ಟು, ರಾತ್ರಿ ನೆನೆಹಾಕಿದ್ದ ಅಕ್ಕಿಯನ್ನು ಬಸಿದುಕೊಂಡು ಮಿಕ್ಸಿಯನ್ನು ಹಿಂದಿನ ಜಗಲಿಗೆ ಹೊತ್ತುಕೊಂಡು ಹೋದೆ. ಅಡುಗೆಮನೆಯ ಪ್ಲಗ್ ಪಾಯಿಂಟ್ ಸುಟ್ಟು ಎರಡು ದಿನವಾಗಿತ್ತು. ಜಗಲಿಯಲ್ಲಿ ಇದ್ದದ್ದು ಒಂದೇ ಪಾಯಿಂಟು. ಅದಕ್ಕೆ ಸೈರನ್ ಪೆಟ್ಟಿಗೆಯ ವೈರು ಸಿಕ್ಕಿಸಿತ್ತು. ಅದನ್ನು ಕಿತ್ತು, ಮಿಕ್ಸಿಯದ್ದನ್ನು ಸಿಕ್ಕಿಸಿ, ನೀರುದೋಸೆಗೆ ಅಕ್ಕಿ ರುಬ್ಬಿಕೊಂಡೆ.

ಮುಂದೆ ಹೇಳಲಿರುವಂಥ ಸಂಗತಿಯನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಹುಡುಗಿಯರು ಮೆಟ್ಟಿಲ ಮೇಲೆ ಯಾರೋ ನಡೆದ ಸದ್ದು ಕೇಳಿತೆಂದು ಅತ್ತಾಗ, ನಮ್ಮ ಸಿಸ್ಟರ್ ಒಬ್ಬರು "ಹೆದರಿದವರಿಗೆ ಕಿವಿ ಜಾಸ್ತಿ, ಹೋಗಿ ಮಲಗಿ" ಎನ್ನುತ್ತಿದ್ದರು. ಮದುವೆಯಾಗಿ ಬಂದ ಮೇಲೆ ನಾನೂ ಇದೇ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ. ಈಗ ಹೇಳುವುದಿಲ್ಲ.

ನಾವಿರುವುದು ಮೂಡಿಗೆರೆಯಿಂದ ಬಣಕಲ್ಲಿಗೆ ಹೋಗುವ ರಸ್ತೆಯ ಒಳಬದಿಯಲ್ಲಿ, ಒಂದು ಸಣ್ಣ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮೆಣಸು, ಏಲಕ್ಕಿಗಳಿಂದ ಎಣ್ಣೆ ತೆಗೆಯುವ ಕಾರ್ಖಾನೆ ಅದು. ಆ ಕೆಲಸಕ್ಕೆ ಕಾರ್ಬನ್ ಡೈಆಕ್ಸೈಡ್ ಬೇಕು. ಗ್ಯಾಸ್ ತರುವ ಟ್ಯಾಂಕರ್ ಲಾರಿ ಇಳಿಜಾರಿನಲ್ಲಿ ಕೆಳಗೆ ಬರಲಾರದು. ಆದ್ದರಿಂದ ಟ್ಯಾಂಕನ್ನು ಮೇಲೆ ರಸ್ತೆ ಪಕ್ಕದಲ್ಲೇ ಇಟ್ಟು, ಅಲ್ಲಿಂದ ಕಾಫಿ ಗಿಡಗಳ ನಡುವೆ ಕೆಳಗಿನ ಶೆಡ್ಡಿನವರೆಗೆ ಪೈಪ್ ಎಳೆದಿದ್ದಾರೆ. ಆ ಪೈಪನ್ನು ನೋಡಿಕೊಳ್ಳುವುದೇ ನಮ್ಮ ಯಜಮಾನರ ಕೆಲಸ. ದಿನಾ ಬೆಳಿಗ್ಗೆ ಸೋಪಿನ ನೀರಿನ ಡಬ್ಬಿ, ಒಂದು ಬ್ರಷ್ ಹಿಡಿದುಕೊಂಡು ಮೇಲಿನಿಂದ ಕೆಳಗಿನವರೆಗೆ ಪೈಪಿನ ಜೊತೆ ನಡೆಯುತ್ತಾರೆ. ಜಾಯಿಂಟುಗಳಿಗೆ ಸೋಪಿನ ನೀರು ಬಳಿದು ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ನೋಡುತ್ತಾರೆ. ತಿಂಗಳಿಗೊಮ್ಮೆ ಯಾವುದೋ ಯಂತ್ರ ಇಟ್ಟು ಪೈಪು ಒಳಗೊಳಗೇ ಸವೆದಿದೆಯೇ ಎಂದು ಅಳೆಯುತ್ತಾರೆ. "ನನ್ನ ಬಿಪಿನ ಇಷ್ಟು ಸಲ ನೋಡಿಲ್ಲ ನೀವು" ಎಂದು ನಾನು ತಮಾಷೆ ಮಾಡಿದ್ದುಂಟು.

ಆ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿ ನಿಂತವರಿಗೆ ಉಸಿರು ಸಿಗುವುದಿಲ್ಲ. ನಮ್ಮ ಮನೆಯ ಹಿಂದೆಯೇ ಬಟ್ಟಲಿನಂಥ ಒಂದು ತಗ್ಗಿದೆ, ಪೈಪು ಅದನ್ನು ದಾಟಿಕೊಂಡೇ ಹೋಗಬೇಕು. ಅದಕ್ಕೇ ತಗ್ಗಿನಲ್ಲಿ ಗ್ಯಾಸ್ ಗುರುತಿಸುವ ಸಾಧನವನ್ನು ಒಂದು ಕಂಬಕ್ಕೆ ಹಾಕಿ, ಹತ್ತಿರದಲ್ಲಿ ಬೇರೆ ಕರೆಂಟಿಲ್ಲವೆಂದು ಸೈರನ್ ಪೆಟ್ಟಿಗೆಯನ್ನು ನಮ್ಮ ಜಗಲಿಯಲ್ಲಿ ಇಟ್ಟಿದ್ದರು. ಒಳಗಿನ ಬ್ಯಾಟರಿ ಸತ್ತು ಹೊಸದು ಬರಬೇಕಿತ್ತು. ಸೈರನ್ ಕೂಗಿದರೆ ಕೈಯಲ್ಲಿದ್ದದ್ದು ಬಿಟ್ಟು ತಗ್ಗಿನ ಅಂಚಿನ ಎತ್ತರದ ದರೆ ಹತ್ತಬೇಕು, ಕೆಳಗೆ ಓಡಬಾರದು ಎಂದು ಸುತ್ತಲಿನ ತೋಟದ ಆಳುಗಳಿಗೂ ಹೇಳಿಕೊಟ್ಟಿದ್ದರು.

ಆ ವಾರ ಮೂರು ದಿನ ಅದು ಸುಮ್ಮಸುಮ್ಮನೆ ಕೂಗಿತ್ತು. ಯಜಮಾನರು ಗ್ಯಾಸ್ ಅಳೆಯುವ ಕೈಮೀಟರ್ ಹಿಡಿದು ಓಡುವುದು, ವಾಪಸು ಬಂದು "ಏನಿಲ್ಲ, ಮಂಜಿಗೆ ಕೂಗಿದೆ" ಎನ್ನುವುದು. ಒಮ್ಮೆ ಕೂಗಿದರೆ ಕಿವಿಯೊಳಗೆ ಕಡ್ಡಿ ಹಾಕಿದ ಹಾಗಾಗುತ್ತಿತ್ತು.

ಅವತ್ತು ಅವರು ಎರಡನೇ ದೋಸೆ ತಿನ್ನುವಾಗ ಫೋನ್ ಬಂತು. ಟ್ಯಾಂಕರ್ ಬೇಗ ಬಂದುಬಿಟ್ಟಿದೆ ಎಂದು. ಪೈಪ್ ಲೈನ್ ನಡೆದು ನೋಡಲು ಹೊತ್ತಿರಲಿಲ್ಲ. ಬೂಟು ಹಾಕಿಕೊಳ್ಳುತ್ತಾ, "ಸೈರನ್ನಿನ ಟೆಸ್ಟ್ ಬಟನ್ ಒಂದ್ಸಲ ಒತ್ತಿ ನೋಡ್ಬಿಡೆ, ಮರೀಬೇಡ" ಎಂದರು. ನಾನು "ಹೂಂ" ಎಂದೆ.

ಮರೆತೆ ಎಂದು ಹೇಳಿದರೆ ಎಲ್ಲರೂ ಒಪ್ಪಿಯಾರು. ಆದರೆ ಮರೆತಿರಲಿಲ್ಲ. ಮಿಕ್ಸಿ ಒಳಗಿಡಲು ಹೋದಾಗ ಸೈರನ್ನಿನ ಪ್ಲಗ್ಗು ಗೋಡೆಗೆ ನೇತಾಡುತ್ತಿತ್ತು. ಕೈಯಲ್ಲಿ ಹಿಡಿದೆ. ತಗ್ಗಿನಲ್ಲಿ ಮಂಜು ಇನ್ನೂ ಹಾಗೇ ಇತ್ತು. ಈಗ ಸಿಕ್ಕಿಸಿದರೆ ಮತ್ತೆ ಕೂಗಿಕೊಳ್ಳುತ್ತದೆ, ಬಿಸಿಲು ಬರಲಿ ಎಂದುಕೊಂಡೆ. ಪ್ಲಗ್ಗನ್ನು ಇದ್ದಲ್ಲೇ ಬಿಟ್ಟೆ. ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದು ಒಂದು ಸುಖವೂ ಆಯಿತು.

ಸ್ವಲ್ಪ ಹೊತ್ತಿಗೆ ಗಿರಿಜಾ ಬಂದಳು. ಪಕ್ಕದ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಕೆಲಸದವಳು. ನಮ್ಮ ಮನೆಗೆ ಹಾಲು ಕೊಡುವುದೂ ಅವಳೇ. "ಅಮ್ಮ, ತಗ್ಗಲ್ಲಿ ಹುಲ್ಲು ಚೆನ್ನಾಗಿ ಬಂದದೆ, ಒಂದು ಹೊರೆ ಕೊಯ್ಕೊಳ್ಲಾ? ನಿಮ್ಗೇ ಹಾಲಾಗಿ ಬರ್ತದೆ" ಎಂದು ನಕ್ಕಳು. ಕೊಯ್ದುಕೋ ಎಂದೆ. ಅವಳು ಕತ್ತಿ ಹಿಡಿದು ಇಳಿದು ಹೋದದ್ದನ್ನು ನೋಡಿದೆ. ಆಮೇಲೆ ಒಳಗೆ ಬಂದು ಅವರೆಕಾಳು ಸುಲಿಯಲು ಕೂತೆ. ನಿಜ ಹೇಳಬೇಕೆಂದರೆ ಗಿರಿಜಾಳ ನೆನಪೇ ಹಾರಿಹೋಯಿತು. ಸೈರನ್ನಿನದ್ದೂ.

ಎಷ್ಟು ಹೊತ್ತು ಕೂತಿದ್ದೆನೋ. ಅರ್ಧ ಬುಟ್ಟಿ ಸುಲಿದಾಗಿತ್ತು, ಕಿಟಕಿಯ ಬಿಸಿಲು ಮೊರದ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ಯಜಮಾನರ ಫೋನು. ಏದುಸಿರು ಬಿಡುತ್ತಿದ್ದರು. "ಪ್ರೆಷರ್ ಇಳೀತಾ ಇದೆ. ಮೇಲಿನ ವಾಲ್ವ್ ಬಂದ್ ಮಾಡಿದೀನಿ. ಸೈರನ್ ಹೊಡೀತಿದ್ಯಾ? ತಗ್ಗಲ್ಲಿ ಯಾರೂ ಇಲ್ಲ ತಾನೆ? ನೀನು ಮಾತ್ರ ಇಳೀಬೇಡ, ಕೇಳಿಸ್ತಾ?"

ಫೋನನ್ನು ಮೊರದ ಮೇಲೆ ಬಿಟ್ಟೆ. ಜಗಲಿಗೆ ಓಡಿ ಪ್ಲಗ್ಗು ಸಿಕ್ಕಿಸಿದೆ. ಸಿಕ್ಕಿಸಿದ್ದೇ ತಡ, ಸೈರನ್ ಕೂಗಿಕೊಂಡಿತು.

ತಗ್ಗಿನ ಅಂಚಿಗೆ ಹೋಗಿ ನಿಂತೆ. ಎಲ್ಲ ಕಡೆ ಬಿಸಿಲು. ತಳದಲ್ಲಿ ಮಾತ್ರ ಸೋರಿದ ಗ್ಯಾಸಿನ ಥಂಡಿಗೆ ಗಾಳಿ ಮಂಜುಗಟ್ಟಿ, ಮೊಣಕಾಲೆತ್ತರ ಬಿಳಿ ಹೊಗೆಯಂಥದ್ದು ಮಲಗಿತ್ತು, ಪೈಪಿನ ಜಾಯಿಂಟಿನ ಸುತ್ತ ಹಿಮ ಕಟ್ಟಿ ಉಪ್ಪಿನ ಮೂಟೆಯ ಹಾಗೆ ಕಾಣುತ್ತಿತ್ತು. ಅರ್ಧ ಕಟ್ಟಿದ ಹುಲ್ಲಿನ ಹೊರೆ, ಅದರ ಪಕ್ಕದಲ್ಲಿ ಕತ್ತಿ. ಗಿರಿಜಾ ಕಾಣಲಿಲ್ಲ. ಆ ಬಿಳಿಯ ಅಡಿಯಲ್ಲಿ ಬಿದ್ದಿದ್ದಾಳೆ ಎಂದೇ ತಿಳಿದೆ. ಕೂಗಬೇಕು ಎಂದು ಬಾಯಿ ತೆರೆದೆ. ಧ್ವನಿ ಹೊರಡಲಿಲ್ಲ. ಇದನ್ನು ಖಂಡಿತವಾಗಿ ಹೇಳಬಲ್ಲೆ, ಅಲ್ಲಿ ನಿಂತಷ್ಟು ಹೊತ್ತೂ ನನ್ನ ಬಾಯಿಂದ ಒಂದಕ್ಷರ ಬರಲಿಲ್ಲ.

"ಇಲ್ಲಿದೀನಿ ಅಮ್ಮ" ಎಂದು ಹಿಂದಿನಿಂದ ಕೇಳಿತು. ದರೆಯ ಮೇಲೆ, ಸಿಲ್ವರ್ ಓಕ್ ಮರದ ಬುಡದಲ್ಲಿ ಗಿರಿಜಾ ಕಾಲು ಚಾಚಿ ಕೂತಿದ್ದಳು. ಮುಖ ಸ್ವಲ್ಪ ಬಿಳಿಚಿತ್ತು, ಅಷ್ಟೇ. ನಾನೇ ಕೂಗಿ ಕರೆದು ಆಮೇಲೆ ಕಾಯಿಸಿದೆ ಎಂದು ನನ್ನ ಮೇಲೆ ಮುನಿಸಿಕೊಂಡಿದ್ದಳು.

"ಹುಲ್ಲು ಬಿಟ್ಟು ಬಾ ಅಂದ್ರಿ. ಕತ್ತಿನೂ ಬಿಟ್ಟು ಬಾ ಅಂದ್ರಿ. ಹೊರೆ ಕಟ್ಟಿ ಬರ್ತೀನಿ ಅಂದ್ರೂ ಬಿಡ್ಲಿಲ್ಲ. ಹತ್ತಿ ಬಂದು ನೋಡಿದ್ರೆ ನೀವೇ ಇಲ್ಲ. ಎಲ್ಲಿಗೆ ಹೋದ್ರಿ?"

"ನಾನಾ? ಯಾವಾಗ?"

"ಆಗ್ಲೇ. ಒಂದು ಎಲೆ ಅಡಿಕೆ ಹಾಕ್ಕೊಂಡು ಉಗುಳಿಯೂ ಆಯ್ತು." ಆಮೇಲೆ ಕೆಳಗೆ ನೋಡಿದಳು. ಜಾಯಿಂಟಿನ ಹಿಮ ಅವಳಿಗೂ ಕಂಡಿತು. ಸೈರನ್ ಹಿಂದಿನಿಂದ ಒಂದೇ ಸಮನೆ ಅರಚುತ್ತಿತ್ತು. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈಯಲ್ಲಿ ಹುಲ್ಲಿನ ಹಸಿರು ಇನ್ನೂ ಒಣಗಿರಲಿಲ್ಲ. ನನ್ನ ಉಗುರಿನಲ್ಲಿ ಅವರೆಸಿಪ್ಪೆ.

ಆಮೇಲೆ ಜನ ಸೇರಿದರು. ಯಜಮಾನರು ಮೀಟರ್ ಹಿಡಿದು ತಗ್ಗಿನ ಅಂಚಿಗೆಲ್ಲ ಹಗ್ಗ ಕಟ್ಟಿದರು. ಟ್ಯಾಂಕರಿನಿಂದ ತುಂಬುವಾಗ ಒತ್ತಡ ಏರಿ ಜಾಯಿಂಟಿನೊಳಗಿನ ಹಳೆಯ ಗ್ಯಾಸ್ಕೆಟ್ ಕೈಕೊಟ್ಟಿತ್ತಂತೆ. ಗಿರಿಜಾ ಸಿಕ್ಕಿದವರಿಗೆಲ್ಲ "ಅಮ್ಮ ಕೂಗದಿದ್ರೆ ನಾನು ಅಲ್ಲೇ" ಎನ್ನುತ್ತಿದ್ದಳು. ಮ್ಯಾನೇಜರು ಬಂದು ನನಗೆ ಕೈ ಮುಗಿದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ನನ್ನ ಸಂಕೋಚ ಎಂದುಕೊಂಡರು. ಯಜಮಾನರು ರಿಜಿಸ್ಟರ್ ತೆರೆದು, "ಸೈರನ್ ಯಾವಾಗ ಹೊಡೀತು?" ಎಂದು ಕೇಳಿದರು. "ನೀವು ಫೋನ್ ಮಾಡಿದಾಗ" ಎಂದೆ. ಸುಳ್ಳಲ್ಲ. ಆದರೆ ನಾನು ಹೇಳಿದ ಎಷ್ಟೋ ಸುಳ್ಳುಗಳಿಗಿಂತ ಅದು ಕೆಟ್ಟದ್ದು.

ಮೂರನೆಯ ದಿನ ತಡೆಯಲಾರದೆ ಅವರಿಗೆ ಎಲ್ಲ ಹೇಳಿದೆ. ಬಯ್ಯಲಿಲ್ಲ. "ನಾನು ಲೈನ್ ನಡೆದಿದ್ರೆ ಜಾಯಿಂಟು ಕಣ್ಣಿಗೆ ಬೀಳ್ತಿತ್ತೇನೋ" ಎಂದರು. ಮರುದಿನ ರಿಜಿಸ್ಟರಿನಲ್ಲಿ ನಿಜ ಬರೆದು ಮ್ಯಾನೇಜರಿಗೆ ತೋರಿಸಿ ಬಂದರು. ಪೆಟ್ಟಿಗೆಗೆ ಪ್ಲಗ್ಗಿಲ್ಲದೆ ನೇರ ವೈರು ಎಳೆಸಿದರು. ಕೂಗಿನ ವಿಷಯವನ್ನೂ ಕೇಳಿದೆ. ಆ ಗ್ಯಾಸು ಸ್ವಲ್ಪ ಸೇರಿದರೂ ತಲೆ ತಿರುಗುತ್ತದೆ, ಕಲಿಸಿಕೊಟ್ಟ ಮಾತೇ ಅವಳ ಕಿವಿಯಲ್ಲಿ ಕೇಳಿರಬಹುದು ಎಂದರು. ಇರಬಹುದು. ಆದರೆ ಅವಳು ಹತ್ತಿ ಬಂದಾಗ ತಲೆ ತಿರುಗುತ್ತಿರಲಿಲ್ಲವಂತೆ. ತೋಟದಲ್ಲಿ ಎಲ್ಲರಿಗೂ ಅವಳು ಗಿರಿಜಿ. ಪೂರ್ತಿ "ಗಿರಿಜಾ" ಎಂದು ಕರೆಯುವವಳು ನಾನೊಬ್ಬಳೇ. ಅವತ್ತು ಕೇಳಿದ್ದೂ ಪೂರ್ತಿ ಹೆಸರೇ ಎನ್ನುತ್ತಾಳೆ.

ಗಿರಿಜಾಳಿಗೆ ಪ್ಲಗ್ಗಿನ ವಿಷಯ ನಾನು ಇವತ್ತಿಗೂ ಹೇಳಿಲ್ಲ. ಹಾಲಿಗೆ ನೀರು ಬೆರೆಸದೆ ತಂದುಕೊಡುತ್ತಾಳೆ. ಹೊಸ ಅಕ್ಕಿ ಬಂದರೆ ಮೊದಲ ಪಾವು ನಮಗೆ. ತರುವಾಗಲೆಲ್ಲ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತೇನೆ, ಪಾತ್ರೆ ತೊಳೆದು ವಾಪಸು ಕೊಡುತ್ತೇನೆ. ಕೂಗಿದವರು ಯಾರೋ ನನಗೆ ತಿಳಿಯದು. ನನ್ನ ಧ್ವನಿಯನ್ನೇ ಯಾಕೆ ತೆಗೆದುಕೊಂಡರು ಎಂಬುದಂತೂ ಇನ್ನೂ ತಿಳಿಯದು. ಆ ಹೊತ್ತಿಗೆ ಅವಳನ್ನು ಕರೆಯುವ ಅರ್ಹತೆ ಇಲ್ಲದ ಧ್ವನಿ ಎಂದರೆ ಅದೊಂದೇ.

ಗ್ಯಾಸ್ ಸೋರಿದ ಆ ದಿನವೇ ಸಂಜೆ ಪಕ್ಕದ ಮನೆಯ ಶಾಂತಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಅವರ ಯಜಮಾನರೂ ಇದೇ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಲೋಟ ಮುಂದೆ ಹಿಡಿದು, ನಾನು ಮಜ್ಜಿಗೆ ಹೊಯ್ಯುವಾಗ ಹೇಳಿದರು:

"ನಿಮ್ಗೆ ಅಷ್ಟು ಗಂಟಲಿದೆ ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ರೆ. ನಾನು ಬಟ್ಟೆ ಒಗೀತಿದ್ದೆ, ಕಲ್ಲಿನ ಸದ್ದಲ್ಲೂ ಕೇಳ್ತು, ಗಿರಿಜಾ ಗಿರಿಜಾ ಅಂತ. ಇನ್ನು ಆ ಸೈರನ್ ಯಾತಕ್ಕೆ, ಕಿತ್ತು ಬಿಸಾಕಿ ಅತ್ಲಾಗೆ. ನೀವಿದ್ದೀರಲ್ಲ."