ಮೇಷ್ಟ್ರು ಬೀಗ ತೆಗೆದ ಸೋಮವಾರ

ಕೊರೊನಾ ಬಂದು ಶಾಲೆ ಮುಚ್ಚಿದಾಗ ನಮ್ಮೂರ ಮೇಷ್ಟ್ರು ತೋಟದಲ್ಲೇ ದಿನಕ್ಕೊಂದು ಗಂಟೆ ಪಾಠ ಮಾಡುತ್ತಿದ್ದರು. ಮಕ್ಕಳ ನಡುವೆ ಒಂದೊಂದು ತೆಂಗಿನ ಗರಿ ಅಡ್ಡ ಹಾಕಿ, "ಗರಿ ದಾಟ್‌ಬೇಡ್ರಪ್ಪ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಶಾಲೆ ತೆರೆಯುವ ಮಾತು ಬಂದಾಗ ಶಿಕ್ಷಕರ ಸಂಘ ಬೇಡವೆಂದಿತು. ಮೇಷ್ಟ್ರೂ ಅದನ್ನೇ ಹೇಳಿದರು: "ಒಂದ್ ತಿಂಗ್ಳು ತಡೀರಿ ಯಜಮಾನ್ರೇ, ನಮ್ಮನೆಯವಳಿಗೆ ಉಬ್ಬಸ."

ನಾನು ಶಾಲಾ ಸಮಿತಿಯ ಅಧ್ಯಕ್ಷ. ಸಭೆಯಲ್ಲಿ ಎಲ್ಲರೆದುರು, "ಮನೇಲಿ ಕೂತ್ರೂ ಸಂಬಳ ಬತ್ತದೆ, ಸಂಘಕ್ಕೇನು ಅವಸರ ಬುಡಿ!" ಎಂದೆ. ಜನ ನಕ್ಕರು. ಮೇಷ್ಟ್ರು ಮಾಸ್ಕ್ ಮೇಲಕ್ಕೆಳೆದುಕೊಂಡರು. ಸೋಮವಾರವೇ ಶಾಲೆಯ ಬೀಗ ತೆಗೆದರು.

ಮೂರನೇ ವಾರ ಅವರಿಗೆ ಜ್ವರ ಬಂತು, ಆಮೇಲೆ ಹೆಂಡತಿಗೆ. ಆಕೆ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಶಾಲೆ ತೆರೆಸಲು ಹೊರಟ ನನಗೆ ಮಕ್ಕಳ ಓದಿನ ಚಿಂತೆ ಇರಲಿಲ್ಲ. ಕೊಬ್ಬರಿಯಾಗಲೆಂದು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಲು ಬಿಟ್ಟ ಕಾಯಿಗಳನ್ನು ಮೊಮ್ಮಕ್ಕಳು ಉರುಳಿಸಿ ಆಡಿ ಹಾಳುಮಾಡುತ್ತಿದ್ದರು. ಆ ಕಾಟ ತಪ್ಪಿದರೆ ಸಾಕಾಗಿತ್ತು. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಮಾತನಾಡಿಸಲು ಹೋದಾಗ ಮೇಷ್ಟ್ರು ಜಗಲಿಯಲ್ಲಿ ಕುಳಿತಿದ್ದರು. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಅವರೇ ಮೊದಲು, "ನೀವಾದ್ರೂ ಏನ್ ಮಾಡೀರಿ, ಮಕ್ಕಳ ಓದು ಹಾಳಾಗ್ತದೆ ಅಂತ ಶಾಲೆ ತೆಗೀರಿ ಅಂದ್ರಿ" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.